ಸುರಂಗದಾಚೆಯ ರಿಪೇರಿ

ಬಾಗಿಲು ತೆರೆದವರು ಮೊಮೊಸೆಯವರಲ್ಲ, ಅವರ ಹೆಂಡತಿ. ಅಷ್ಟಕ್ಕೇ ಚಿಗುಸಾಳಿಗೆ ಏನೋ ತಪ್ಪಿದೆ ಅನ್ನಿಸಿತು. ಹಳೆಯ ಕ್ಯಾಮೆರಾಗಳನ್ನು ರಿಪೇರಿ ಮಾಡುವ ಮೊಮೊಸೆ ಮನೆ ಬಿಟ್ಟು ಕದಲುವ ಪೈಕಿಯವರೇ ಅಲ್ಲ. ಮಂಡಿನೋವು, ಬೆಕ್ಕು, ರೇಡಿಯೊ ಇವಿಷ್ಟನ್ನು ಬಿಟ್ಟರೆ ಅವರಿಗೆ ಬೇರೆ ಲೋಕವಿರಲಿಲ್ಲ. ಅವಳು ಅವರನ್ನು ನಂಬಿದ್ದೂ ಅದಕ್ಕೇ. ಆಕೆ ಸೊಪ್ಪಿನ ಉಪ್ಪಿನಕಾಯಿ ಹಾಕುತ್ತಿದ್ದವರು, ತಣ್ಣೀರಿನಿಂದ ಕೆಂಪಗಾದ ಕೈಗಳನ್ನು ಏಪ್ರನ್‌ಗೆ ಒರೆಸಿಕೊಳ್ಳುತ್ತ, "ಇದೇನು, ನೀವು ಇಲ್ಲಿಗೆ ಬಂದ್ರಾ? ಅವರು ನಿಮ್ಮಲ್ಲಿಗೇ ಹೋದ್ರಲ್ಲ," ಅಂದರು.

"ನಮ್ಮಲ್ಲಿಗೆ ಅಂದ್ರೆ?"

"ಓಕಾಯಾಗೆ, ನಿಮ್ಮ ಅಂಗಡಿಗೆ. ವರ್ಷದ ಕೊನೇ ಉಡುಗೊರೆ ಅಂತ ಮಿಸೊ ಡಬ್ಬ ಕಳಿಸಿದ್ರಲ್ಲ. ಫೋನ್ ಮಾಡಿ ಥ್ಯಾಂಕ್ಸ್ ಹೇಳಿದ್ರೆ ಸಾಕು ಅಂತ ನಾನೂ ಹೇಳ್ದೆ. ಮಾಸುಜಾವಾ ಯಜಮಾನ್ರ ಅಂಗಡಿ ಹೆಸರಲ್ಲಿ ಬಂದಿರೋದಕ್ಕೆ ಫೋನಲ್ಲಿ ಮುಗಿಸೋಕಾಗುತ್ತಾ ಅಂತ ನನಗೇ ಬೈದು, ಮದುವೆಗೆ ಹಾಕೋ ಕೋಟು ಹಾಕ್ಕೊಂಡು ಹೊರಟ್ರು. ಮಂಡಿನೋವು ಎಲ್ಲಿ ಅಡಗಿ ಕೂತಿತ್ತೋ." ಆಕೆ ನಕ್ಕರು. "ನೀವೂ ಸರಿ. ಇಷ್ಟು ದಿನ ನಕಾಯಾ, ನಕಾಯಾ ಅಂತಿದ್ರಿ. ಮಾಸುಜಾವಾ ಅವರ ಮಗಳು ಅಂತ ಒಂದು ಮಾತು ಹೇಳಬಾರದಿತ್ತಾ? ಒಳಗೆ ಬನ್ನಿ, ಟೀ ಕುಡ್ಕೊಂಡು ಹೋಗಿ."

ನಕಾಯಾ ಅನ್ನುವುದು ಸುಳ್ಳಲ್ಲ, ಗಂಡನ ಮನೆಯ ಹೆಸರು. ಸುಳ್ಳು ಹೇಳದೆ ಸುಳ್ಳಾಡುವುದು ಎಷ್ಟು ಸಲೀಸು ಎಂದು ಅವಳಿಗೆ ಈ ಎರಡು ವರ್ಷಗಳಲ್ಲಿ ಚೆನ್ನಾಗಿ ಮನದಟ್ಟಾಗಿತ್ತು. ಟೀ ಬೇಡವೆಂದು ಬಗ್ಗಿ ನಮಸ್ಕರಿಸಿ, ಮತ್ತೆ ಬಗ್ಗಿ, ಅವಳು ಶಿಯೋಜಿರಿ ಸ್ಟೇಷನ್ನಿನ ಕಡೆಗೆ ಹೆಚ್ಚುಕಡಿಮೆ ಓಡಿದಳು. ಕೈಚೀಲದಲ್ಲಿ ಮೇಲೆ ಈರುಳ್ಳಿ ಸೊಪ್ಪಿನ ಕಟ್ಟು, ಅದರಡಿಯಲ್ಲಿ ಬಟ್ಟೆಯಲ್ಲಿ ಸುತ್ತಿದ ಕ್ಷೌರಿಕ ಒಗುಚಿಯವರ ಕ್ಯಾಮೆರಾ. ಸೊಪ್ಪಿನ ಕಟ್ಟು ಪ್ರತಿ ಸಲವೂ ಇರುತ್ತಿತ್ತು. ತರಕಾರಿಗೆ ಹೋಗಿದ್ದೆ ಎಂದು ಅಪ್ಪನಿಗೆ ಹೇಳುವುದಕ್ಕೆ.

ರೈಲು ಆಗಷ್ಟೇ ಹೋಗಿತ್ತು. ಆ ಪ್ಲಾಟ್‌ಫಾರಂ ಮೇಲೆ ದ್ರಾಕ್ಷಿ ಬಳ್ಳಿ ಬೆಳೆಸಿದ್ದಾರೆ. ಡಿಸೆಂಬರಿನಲ್ಲಿ ಅದು ಬರೀ ಕಡ್ಡಿ. ಅದರ ಪಕ್ಕದ ಬೆಂಚಿನಲ್ಲಿ ಕೂತು ಅವಳು ಹುದುಗಿಸಿದ ಸೋಯಾ ಮಿಸೊದ ಆ ಡಬ್ಬದ ಬಗ್ಗೆ ಯೋಚಿಸಿದಳು. ಅಂಗಡಿಯ ಉಡುಗೊರೆ ಕೌಂಟರಿನ ಹುಡುಗಿ ಪೆನ್ನು ಹಿಡಿದು, "ಮೇಲಿನ ಕಾಗದದಲ್ಲಿ ಕೊಡುವವರ ಹೆಸರು ಏನಂತ ಹಾಕ್ಲಿ?" ಎಂದು ಕೇಳಿದಾಗ ಬಾಯಿ ತಾನಾಗಿಯೇ ‘ಮಾಸುಜಾವಾ ಕ್ಯಾಮೆರಾ’ ಎಂದಿತ್ತು. ಪ್ರತಿ ಡಿಸೆಂಬರಿನಲ್ಲೂ ಅದೇ ಕೌಂಟರಿನಲ್ಲಿ ಫಿಲಂ ಏಜೆಂಟರಿಗೆ, ಕಟ್ಟಡದ ಮಾಲೀಕರಿಗೆ, ಅಪ್ಪನ ಡಾಕ್ಟರಿಗೆ ಎಲ್ಲರಿಗೂ ಆ ಹೆಸರಿನಲ್ಲೇ ಕಳಿಸಿದವಳು. ವರ್ಷವಿಡೀ ಉಪಕಾರ ಮಾಡಿದವರಿಗೆ ಏನೂ ಕಳಿಸದೆ ಇರುವುದು ಅವಳಿಂದ ಆಗದ ಮಾತು; ಮೋಸದಲ್ಲಿ ಕೈಜೋಡಿಸಿದವರಿಗೂ ಮರ್ಯಾದೆ ಸಲ್ಲಿಸಬೇಕಲ್ಲ. ಕಾಗದ ಕಟ್ಟಿ ಮುಗಿದಮೇಲೆ ತಪ್ಪು ಕಣ್ಣಿಗೆ ಬಿದ್ದಿತ್ತೇ? ಬಿದ್ದಿರಬೇಕು. ಆ ಹುಡುಗಿಯ ಅಕ್ಷರ ದುಂಡಗಿತ್ತು ಎನ್ನುವುದು ನೆನಪಿದೆಯೆಂದ ಮೇಲೆ ಅದನ್ನು ಓದಿದ್ದಳು ಎಂದೇ ಅರ್ಥ. ಹಾಗಾದರೆ ಸಿಕ್ಕಿಬೀಳಬೇಕೆಂದು ತನಗೇ ಇತ್ತೇನು ಎಂಬ ಯೋಚನೆ ಬಂತು. ಅದು ಅವಳಿಗೆ ಹಿಡಿಸಲಿಲ್ಲ. ಅದನ್ನು ಒಪ್ಪಿಕೊಂಡರೆ ತಾನು ಒಳಗೊಳಗೇ ಒಳ್ಳೆಯವಳು ಎಂದಾಗುತ್ತದೆ, ಅಷ್ಟು ಸುಲಭವಾಗಿ ಪಾರಾಗುವುದಕ್ಕೂ ನಾಚಿಕೆಯಾಯಿತು.

ಎಲ್ಲ ಶುರುವಾದದ್ದು ಒಂದು ಸ್ಪ್ರಿಂಗಿನಿಂದ. ಉಗುರಿನ ತುದಿಯಷ್ಟಿದ್ದದ್ದು, ಅಪ್ಪನ ಕೆಲಸದ ಮೇಜಿನ ಬಟ್ಟೆಯ ಮಡಿಕೆಯಲ್ಲಿ ಉಳಿದಿತ್ತು. ಅದು ಇರಬೇಕಾಗಿದ್ದ ಕ್ಯಾಮೆರಾ ಆಗಲೇ ಮುಚ್ಚಿ, ಒರೆಸಿ, ಗಿರಾಕಿ ಬರುವುದನ್ನು ಕಾಯುತ್ತ ಕಪಾಟಿನಲ್ಲಿ ಕೂತಿತ್ತು. ಅಪ್ಪನ ಹೆಸರು ಶಿಗೆಜೊ, ಸರೋವರದ ದಂಡೆಯ ಕ್ಯಾಮೆರಾ ಕಾರ್ಖಾನೆಯಲ್ಲಿ ಷಟರ್ ಜೋಡಿಸುತ್ತಿದ್ದವರು. ಕಾರ್ಖಾನೆ ಮುಚ್ಚಿದ ಮೇಲೆ ಅವರು ಅಲ್ಲಿ ಮಾಡಿದ ಕ್ಯಾಮೆರಾಗಳೇ ಕೆಟ್ಟು ಅವರನ್ನು ಹುಡುಕಿಕೊಂಡು ಬರತೊಡಗಿದವು. ಟೋಕಿಯೊದಿಂದಲೂ ಜನ ಬರುತ್ತಿದ್ದರು. ನಂಬಿಕೆಯ ರಿಪೇರಿಯವರು ಬೇಕು ಅಂದವರಿಗೆಲ್ಲ ಸಿಗುತ್ತಿದ್ದ ಉತ್ತರ ಮಾಸುಜಾವಾ ಎಂದೇ. ಅಂಥವರ ಮೇಜಿನ ಮೇಲೆ ಆ ಸ್ಪ್ರಿಂಗು ಬಿದ್ದಿತ್ತು. ‘ಅಪ್ಪ, ಇದು ಉಳಿದಿದೆ’ ಎಂದು ಆಗಲೇ ಹೇಳಿದ್ದರೆ ಅವರು ನಾಲಿಗೆ ಕಚ್ಚಿಕೊಂಡು ಮತ್ತೆ ಬಿಚ್ಚುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಅವಳು ಅದನ್ನು ಚಿಮುಟದಲ್ಲಿ ಎತ್ತಿ ಕಾಗದದ ಪೊಟ್ಟಣ ಕಟ್ಟಿ ಜೇಬಿಗೆ ಹಾಕಿಕೊಂಡಳು. ಅಪ್ಪನ ಮಾನ ಉಳಿಸಿದೆ ಎಂದುಕೊಂಡಳು. ಅಪ್ಪ ಪಕ್ಕದಲ್ಲೇ ಭೂತಗನ್ನಡಿ ಒರೆಸುತ್ತ ಏನೋ ಗುನುಗುತ್ತಿದ್ದರು.

ಆಮೇಲೆ ಅಪ್ಪ ಮುಗಿಸಿದ್ದನ್ನು ಗುಟ್ಟಾಗಿ ಮತ್ತೆ ಸರಿಮಾಡಿಕೊಡುವವರ ಹುಡುಕಾಟ. ಮಾತ್ಸುಮೊತೊದ ಒಂದು ಅಂಗಡಿಯಲ್ಲಿ ಅಲ್ಲಿಯವನು ಕೌಂಟರಿನ ಮೇಲೆಯೇ ಕ್ಯಾಮೆರಾ ತೆರೆದು, ಒಳಗಿದ್ದ ಇನ್ನೊಬ್ಬನನ್ನು ಕೂಗಿದ. "ಬಾರಯ್ಯ ಇಲ್ಲಿ, ಈ ಕೈಚಳಕ ನೋಡು. ಎಣ್ಣೆ ಹಾಕಿದಾರೋ, ಎಣ್ಣೇಲಿ ಕರಿದಿದಾರೋ." ಇಬ್ಬರೂ ನಕ್ಕರು. ಅವಳೂ ನಕ್ಕಳು. ಯಾಕೆ ನಕ್ಕೆ ಎಂದು ಹಲ್ಲುಜ್ಜುವಾಗ, ಅನ್ನಕ್ಕಿಡುವಾಗ ಎಷ್ಟೋ ಸಲ ಕೇಳಿಕೊಂಡಿದ್ದಾಳೆ. ತಂದೆಯನ್ನು ಹೀಯಾಳಿಸುವವರ ಜೊತೆ ಅಪರಿಚಿತಳ ಹಾಗೆ ನಿಂತು ಹಲ್ಲು ಕಿರಿದಿದ್ದಳು. ಇನ್ನೊಂದನ್ನು ದೂರದ ಯಾರಿಗೋ ಪಾರ್ಸೆಲ್ ಮಾಡಿದಳು. ಅದು ಸ್ಕ್ರೂಗಳ ತಲೆ ಕಿತ್ತುಹೋಗಿ ವಾಪಸಾಯಿತು. ಅಳತೆ ತಪ್ಪಿದ ಸ್ಕ್ರೂಡ್ರೈವರ್ ಹಾಕಿ ಒರಟಾಗಿ ತಿರುಗಿಸಿದ್ದರು. ಅವಳು ಬಚ್ಚಿಡುವ ಮೊದಲೇ ಅಪ್ಪ ಅದನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಕ್ಯಾಮೆರಾ ಕೆಳಗಿಟ್ಟು ತಮ್ಮ ಬಲಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. "ನಾನು ಹೀಗೆ ಮಾಡಿದ್ನಾ," ಎಂದರು, ಅವಳನ್ನಲ್ಲ, ಕೈಯನ್ನು. ಚಿಗುಸಾ ಅಕ್ಕಿ ತೊಳೆಯಲು ಒಳಗೆ ಹೋದಳು. ಅಂದಿನಿಂದ ಅಪ್ಪ ಅತಿ ಸೂಕ್ಷ್ಮದ ಕೆಲಸ ಬಂದರೆ ತಾವೇ ಬೇಡವೆಂದು ವಾಪಸು ಕಳಿಸತೊಡಗಿದರು.

ಮೊಮೊಸೆ ಸಿಕ್ಕಿದ್ದು ಇದಾದ ಮೇಲೆ. ರೈಲು ಸುರಂಗದ ಆಚೆ ಶಿಯೋಜಿರಿಯವರಾದ್ದರಿಂದ ಇಲ್ಲಿಯ ಗಿರಾಕಿಗಳ ಸಹವಾಸ ಅವರಿಗಿರಲಿಲ್ಲ. "ಯಾರೂ ಮುಟ್ಟೇ ಇಲ್ಲ ಅನ್ನೋ ಹಾಗಿರಬೇಕು," ಎಂದು ಅವಳು ಮೊದಲ ದಿನವೇ ಹೇಳಿದ್ದಳು. ಮೊಮೊಸೆ ತಲೆ ಕೆರೆದುಕೊಂಡು, "ಮುಟ್ಟಿಲ್ಲ ಅನ್ನೋ ಹಾಗೆ ಮುಟ್ಟೋದಕ್ಕೆ ಜಾಸ್ತಿ ದಿನ ಬೇಕಾಗುತ್ತಮ್ಮ, ಅವಸರ ಮಾಡ್ಬಾರ್ದು," ಎಂದಿದ್ದರು. ಯಾರ ಕ್ಯಾಮೆರಾ, ಕೊನೆಯ ಸಲ ತೆರೆದವರು ಯಾರು, ಒಂದೂ ಕೇಳಲಿಲ್ಲ. ಬೆಕ್ಕಿಗೆ ಹಲ್ಲುನೋವು ಎಂದು ದೂರಿದರು. ವಾಪಸು ಬಂದ ಕ್ಯಾಮೆರಾದಲ್ಲಿ ಸ್ಕ್ರೂಗಳ ಗೀರು ಮೊದಲು ಯಾವ ದಿಕ್ಕಿಗಿತ್ತೋ ಅದೇ ದಿಕ್ಕಿಗಿತ್ತು. ಜನ ರಿಪೇರಿಯವರಲ್ಲಿ ನಂಬಿಕೆ ಹುಡುಕುವುದು ತಮ್ಮ ವಸ್ತು ಸುರಕ್ಷಿತವಾಗಿರಲಿ ಎಂದು. ತಾನು ಹುಡುಕಿದ್ದು ಗುಟ್ಟು ಕಾಯುವವರನ್ನು, ಕಳ್ಳಮಾಲು ಇಟ್ಟುಕೊಳ್ಳುವವರನ್ನು ಹುಡುಕಿದ ಹಾಗೆ. ಅದು ಗೊತ್ತಿದ್ದೂ ಅಂದು ರೈಲಿನಲ್ಲಿ ಅವಳಿಗೆ ಎಷ್ಟು ಹಾಯೆನಿಸಿತ್ತೆಂದರೆ, ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡಿಬಿಟ್ಟಿದ್ದಳು.

ಮೊದಮೊದಲು ಅಪ್ಪ ಮುಗಿಸಿದ ಪ್ರತಿಯೊಂದನ್ನೂ ಪರೀಕ್ಷೆ ಮಾಡುತ್ತಿದ್ದಳು. ಷಟರನ್ನು ಒಂದು ಸೆಕೆಂಡಿಗೆ ಇಟ್ಟು ಕಿವಿಯ ಹತ್ತಿರ ಹಿಡಿದು ಒತ್ತುವುದು. ಒಳಗಿನ ಚಿಕ್ಕ ಹಲ್ಲುಚಕ್ರಗಳು ಒಂದೇ ಸಮನೆ ಗಿರ್ರೆಂದು ಓಡಿ ನಿಲ್ಲಬೇಕು, ನಡುವೆ ಎಳೆಯಬಾರದು. ಎಣ್ಣೆ ಹೆಚ್ಚಾಗಿದ್ದರೆ ಎಳೆಯುತ್ತದೆ. ಅಪ್ಪನೇ ಚಿಕ್ಕಂದಿನಲ್ಲಿ ಅವಳಿಗೆ ಕಲಿಸಿದ್ದು, ಮಡಿಲಲ್ಲಿ ಕೂರಿಸಿಕೊಂಡು, ಮೀನಿನ ವಾಸನೆಯ ಉಸಿರು ಬಿಡುತ್ತ. ಆದರೆ ಶಬ್ದ ಸರಿಯಿದ್ದಾಗಲೂ ಅವಳಿಗೆ ತನ್ನ ಕಿವಿಯ ಮೇಲೇ ಅನುಮಾನ ಬರತೊಡಗಿತು. ಒಳಗೆ ಬೇರೇನಾದರೂ ಬಿಟ್ಟುಹೋಗಿದ್ದರೆ? ಕ್ರಮೇಣ ಕೇಳುವುದನ್ನೇ ಬಿಟ್ಟಳು. ಅಪ್ಪನ ಕೈ ದಾಟಿದ್ದೆಲ್ಲ ನೇರವಾಗಿ ಸೊಪ್ಪಿನ ಕೆಳಗೆ ಹೋಗುತ್ತಿತ್ತು. ಹೊತ್ತುಕೊಂಡು ಹೋಗುವುದು ಕೇಳಿ ನೋಡುವುದಕ್ಕಿಂತ ಸುಲಭವಾಗಿತ್ತು.

ಈ ವಸಂತದಲ್ಲಿ ಒಗುಚಿ ಬಂದಿದ್ದರು. ಊರಿನ ಕ್ಷೌರಿಕ, ಚಳಿಗಾಲದಲ್ಲಿ ಸರೋವರಕ್ಕೆ ಬರುವ ಹಂಸಗಳ ಹುಚ್ಚು ಹಿಡಿದ ಮನುಷ್ಯ. ರಿಪೇರಿಯಾದ ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳನ್ನು ಕೌಂಟರಿನ ಗಾಜಿನ ಮೇಲೆ ಹರಡಿ, "ಯಜಮಾನ್ರೇ, ಹೊಸದರಲ್ಲೂ ಇದು ಹೀಗೆ ಓಡಿರಲಿಲ್ಲ. ನಿಮಗೆ ವಯಸ್ಸಾಗ್ತಾ ಕೈ ಇನ್ನೂ ಹರಿತ ಆಗ್ತಿದೆ," ಎಂದರು. ಅಪ್ಪ ಕಿವಿಯವರೆಗೆ ಕೆಂಪಾದರು. ಸಂಜೆ ತಾವೇ ಹೋಗಿ ಸುಟ್ಟ ಹಾವುಮೀನು ಕಟ್ಟಿಸಿಕೊಂಡು ಬಂದರು. ದಪ್ಪ ತುಂಡನ್ನು ಅವಳ ಬಟ್ಟಲಿಗೆ ಹಾಕಿದರು. ಆ ಸ್ಕ್ರೂಗಳ ದಿನದಿಂದ ಅವರು ಅಷ್ಟು ಮಾತಾಡಿದ್ದೇ ಇಲ್ಲ. ಮಾತಿನ ನಡುವೆ ತಮ್ಮ ಕೈಯನ್ನು ಮೇಜಿನ ಮೇಲೆ ತೆರೆದಿಟ್ಟುಕೊಂಡಿದ್ದರು. ಚಿಗುಸಾ ಆ ತುಂಡನ್ನು ಅಗಿದಳು, ನುಂಗಲಾಗಲಿಲ್ಲ, ಕೊನೆಗೆ ಟೀ ಕುಡಿದು ಇಳಿಸಿದಳು.

ರೈಲು ಸುರಂಗಕ್ಕೆ ನುಗ್ಗಿತು. ಕಿಟಕಿಯಲ್ಲಿ ಬರೀ ಅವಳ ಮುಖ, ಪಕ್ಕದಲ್ಲಿ ಸೊಪ್ಪಿನ ಹಸಿರು ತುದಿ. ಈಗ ಮೊಮೊಸೆ ಅಂಗಡಿ ಮುಟ್ಟಿರುತ್ತಾರೆ. ಮದುವೆಯ ಕೋಟಿನಲ್ಲಿ ಬಗ್ಗಿ, ‘ವರ್ಷವಿಡೀ ನನ್ನ ಮೇಲೆ ವಿಶ್ವಾಸವಿಟ್ಟು ಕೆಲಸ ಕಳಿಸಿದ್ರಿ’ ಎಂದಿರುತ್ತಾರೆ. ಅಪ್ಪ ‘ಯಾವ ಕೆಲಸ?’ ಎಂದಿರುತ್ತಾರೆ. ಆ ಪ್ರಶ್ನೆ ಅಪ್ಪನ ಬಾಯಿಯಲ್ಲಿ ಯಾವ ಧ್ವನಿಯಲ್ಲಿ ಬಂದಿರಬಹುದು ಎಂದು ಅವಳು ಒಂದೊಂದೇ ರೀತಿಯಲ್ಲಿ ಕೇಳಿಸಿಕೊಂಡಳು. ಗದರಿಕೆಯಾಗಿ. ಮರೆತಿದ್ದೇನೇನೋ ಎಂಬ ಹೆದರಿಕೆಯಾಗಿ. ಎರಡನೆಯದು ಹೆಚ್ಚು ನೋಯಿಸಿತು. ಅಪ್ಪ ಇತ್ತೀಚೆಗೆ ಗೊತ್ತಿಲ್ಲದ್ದನ್ನೆಲ್ಲ ತಾವೇ ಮರೆತದ್ದೆಂದು ಒಪ್ಪಿಕೊಂಡುಬಿಡುತ್ತಾರೆ. ಅಪ್ಪ ಮರೆತರು ಎಂದಾದರೆ ತಾನು ಬದುಕಿಕೊಳ್ಳಬಹುದು ಎಂದು ಮನಸ್ಸು ಆಗಲೇ ಲೆಕ್ಕ ಹಾಕಿತ್ತು. ‘ನೀವೇ ಕಳಿಸೋಕೆ ಹೇಳಿದ್ರಲ್ಲ ಅಪ್ಪ’ ಅಂದರೆ ಸಾಕು. ಅವರು ನಂಬುತ್ತಾರೆ. ಈ ಯೋಚನೆ ತನ್ನದೇ, ಬೇರೆ ಯಾರದೂ ಅಲ್ಲ. ರೈಲು ಬೆಳಕಿಗೆ ಬಂದಾಗ ಕಿಟಕಿಯಿಂದ ಮುಖ ಮಾಯವಾದದ್ದು ಒಳ್ಳೆಯದೇ ಆಯಿತು.

ಅಂಗಡಿಯಲ್ಲಿ ಇಬ್ಬರೂ ಸೀಮೆಎಣ್ಣೆ ಸ್ಟೋವಿನ ಪಕ್ಕದಲ್ಲಿ ಕೂತಿದ್ದರು. ಟೀ ಬಟ್ಟಲುಗಳು ಖಾಲಿಯಾಗಿದ್ದವು. ಮೊಮೊಸೆ ಕೋಟಿನ ಗುಂಡಿ ಹಾಕಿಕೊಂಡೇ ಕೂತಿದ್ದರು, ಮುಖ ಕೆಂಪಗಿತ್ತು. ಮೇಜಿನ ಮೇಲೆ ಅವರು ತಂದ ಒಣ ಪರ್ಸಿಮನ್ ಹಣ್ಣಿನ ಪೆಟ್ಟಿಗೆ, ಕಾಗದ ಬಿಚ್ಚದೆ.

"ಬಂದ್ಯಾ," ಎಂದರು ಅಪ್ಪ. "ಮೊಮೊಸೆಯವರು ಬಂದಿದಾರೆ. ನಿನಗೆ ಹಳೇ ಪರಿಚಯವಂತಲ್ಲ."

ಚಿಗುಸಾ ಚೀಲ ಕೆಳಗಿಡದೆ ಬಗ್ಗಿದಳು.

"ತಪ್ಪು ನಂದು," ಮೊಮೊಸೆ ಅವಳತ್ತ ನೋಡದೆ ಹೇಳಿದರು. "ಹೆಸರು ನೋಡಿ ಖುಷೀಲಿ ಓಡಿಬಂದುಬಿಟ್ಟೆ. ಮಾಸುಜಾವಾ ಅಂಥವರು ತಮ್ಮ ಕೆಲಸಾನ ಇನ್ನೊಬ್ಬನ ಕಣ್ಣಿಗೂ ಒಂದ್ಸಲ ತೋರಿಸ್ತಾರಲ್ಲ, ದೊಡ್ಡವರು ಅಂದ್ರೆ ಹೀಗಿರಬೇಕು ಅಂತ ನಮ್ಮವಳ ಹತ್ರಾನೂ ಹೇಳಿದ್ದೆ." ಅವರು ಖಾಲಿ ಬಟ್ಟಲನ್ನೇ ಎತ್ತಿ ಕುಡಿದರು. "ಇನ್ನೊಂದು ಮಾತು, ನಿಮ್ಮ ತಂದೆಯವರಿಗೂ ಹೇಳಿದೀನಿ. ನೀವು ತಂದದ್ದರಲ್ಲಿ ಅರ್ಧಕ್ಕರ್ಧ ನಾನು ತೆರೆಯಲೇ ಇಲ್ಲ. ತೆರೆಯೋ ಅಂಥದ್ದು ಏನೂ ಇರಲಿಲ್ಲ. ಕೀಲಿ ಕೊಟ್ಟು ನೋಡ್ದೆ, ಒಂದಷ್ಟು ದಿನ ಇಟ್ಟುಕೊಂಡು ಮತ್ತೆ ನೋಡ್ದೆ, ಸರಿಯಾಗಿದ್ವು, ವಾಪಸ್ ಕೊಟ್ಟೆ. ನೋಡೋದೂ ಕೆಲಸಾನೇ ಅಲ್ವಾ. ಯಾವುದನ್ನ ತೆರೆದೆ, ಯಾವುದನ್ನ ಬಿಟ್ಟೆ ಅಂತ ನೆನಪಿಟ್ಟುಕೊಳ್ಳೋ ಅಭ್ಯಾಸ ನನಗಿಲ್ಲ. ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ."

ಅವರು ಎದ್ದರು. ಬಾಗಿಲಿನಲ್ಲಿ ಅಪ್ಪನಿಗೆ ಬಗ್ಗಿದರು, ಅಪ್ಪ ಅದಕ್ಕಿಂತ ಕೆಳಗೆ ಬಗ್ಗಿದರು. ಮಗಳು ಮಾಡಿದ್ದಕ್ಕೆ ಅಪ್ಪ ಪರರ ಮುಂದೆ ಅಷ್ಟು ಹೊತ್ತು ಬಗ್ಗಿ ನಿಂತದ್ದನ್ನು ಅವಳು ಹಿಂದಿನಿಂದ ನೋಡಿದಳು. ಕತ್ತಿನ ಹಿಂದೆ ಅವರ ಸ್ವೆಟರಿನ ಲೇಬಲ್ ಹೊರಗೆ ಬಂದಿತ್ತು.

ಬಾಗಿಲು ಮುಚ್ಚಿದ ಮೇಲೆ ಅಪ್ಪ ತಮ್ಮ ಕುರ್ಚಿಗೆ ಬಂದರು. ಬಯ್ಯಲಿಲ್ಲ. "ಆ ತಲೆ ಕೆಟ್ಟ ಸ್ಕ್ರೂಗಳು," ಎಂದರು. "ಅವೂ ಇವರದ್ದೇನಾ?"

"ಅಲ್ಲ. ಬೇರೆ ಒಬ್ಬರು."

"ನನ್ನದಲ್ಲ."

"ನಿಮ್ಮದಲ್ಲ ಅಪ್ಪ."

ಅಪ್ಪ ತಲೆಯಾಡಿಸಿದರು. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು, ಅದನ್ನು ಹೇಗೆ ತಾಳಿಕೊಳ್ಳಬೇಕೆಂದು ಅವಳು ಸುರಂಗದಲ್ಲಿ ತಯಾರಾಗಿದ್ದಳು. "ಕೆಟ್ಟದ್ದು ನಂದು ಅಂದುಕೊಂಡು ಕೈ ಹಿಂದಕ್ಕೆ ತಗೊಂಡೆ. ಒಳ್ಳೇದು ನಂದು ಅಂದುಕೊಂಡು ಹಾವುಮೀನು ತಿಂದೆ," ಎಂದರು ಅವರು ನಿಧಾನವಾಗಿ, ಯಾರದೋ ವಿಷಯ ಹೇಳುವಂತೆ. "ಸರಿ. ಅವರು ತೆರೆಯದೆ ವಾಪಸ್ ಕೊಟ್ಟಿದ್ದು ಯಾವ್ಯಾವುದು?"

"ಗೊತ್ತಿಲ್ಲ ಅಪ್ಪ."

"ಕೊಂಡೊಯ್ಯೋ ಮೊದಲು ನೀನು ಕೇಳಿರ್ತೀಯಲ್ಲ. ನಿನಗೆ ಕಿವಿ ಇದೆ."

"ಕೇಳಲಿಲ್ಲ. ಮೊದಲು ಕೇಳ್ತಿದ್ದೆ. ಆಮೇಲೆ ಬಿಟ್ಟುಬಿಟ್ಟೆ."

ಅವರು ಅವಳನ್ನು ನೋಡಿದರು. ಮುದುಕರಿಗೆ ಕಣ್ಣಲ್ಲಿ ನೀರು ಚಳಿಗೂ ಬರುತ್ತದೆ. ಅವರು ಕೈ ಚಾಚಿ, "ಆ ಚೀಲದಲ್ಲಿರೋದನ್ನ ಕೊಡು," ಎಂದರು. ಅವಳು ಸೊಪ್ಪನ್ನು ಸರಿಸಿ ಒಗುಚಿಯವರ ಕ್ಯಾಮೆರಾ ತೆಗೆದಳು. ಈ ಚಳಿಗಾಲ ಅವರ ಕೈಜಾರಿ ಬಿದ್ದು ಮತ್ತೆ ಕೆಟ್ಟಿದ್ದು. ಅಪ್ಪ ಮೊನ್ನೆ ಮುಗಿಸಿದ್ದು. ಇಂದೇ ಬೇಕೆಂದು ಒಗುಚಿ ಹೇಳಿದ್ದು. ಇನ್ನೂ ಸ್ವಲ್ಪ ದಿನ ಆಗುತ್ತೆ ಅಂತ ಅವರಿಗೆ ಸಬೂಬು ಹೇಳುವುದೆಂದು ಅವಳು ಬೆಳಿಗ್ಗೆಯೇ ತೀರ್ಮಾನಿಸಿದ್ದಳು. ಅಪ್ಪ ಅದನ್ನು ತೆಗೆದುಕೊಳ್ಳಲಿಲ್ಲ. "ಕೇಳಿ ಹೇಳು."

ಅವಳು ಷಟರನ್ನು ಒಂದು ಸೆಕೆಂಡಿಗೆ ತಿರುಗಿಸಿ, ಕಿವಿಗೆ ಹಿಡಿದು ಒತ್ತಿದಳು. ಸ್ಟೋವಿನ ಮೇಲಿನ ಕೆಟಲು ಸದ್ದು ಮಾಡುತ್ತಿತ್ತು, ಅಪ್ಪ ಎದ್ದು ಅದನ್ನು ಇಳಿಸಿದರು. ಮತ್ತೆ ಒತ್ತಿದಳು. ಚಕ್ರಗಳು ಓಡಿದವು, ನಡುವೆ ಒಂದು ಕಡೆ ತೆವಳಿದವು, ಆಮೇಲೆ ಮುಗಿದವು. ಮೂರನೇ ಸಲವೂ ಅಲ್ಲೇ ತೆವಳಿದವು. ಸರಿಯಿದೆ ಎಂದುಬಿಡಬೇಕೆಂದು ಅವಳಿಗೆ ತುಂಬ ಆಸೆಯಾಯಿತು. ಇವತ್ತು ಈ ಹೊತ್ತು ಅಪ್ಪನಿಗೆ ಕೊಡಬಹುದಾದದ್ದು ಅದೊಂದೇ ಎನಿಸಿತು. ಹಾಗೆ ಎನಿಸಿಯೇ ಅಲ್ಲವೇ ಸ್ಪ್ರಿಂಗನ್ನು ಜೇಬಿಗೆ ಹಾಕಿಕೊಂಡದ್ದು.

"ಎಳೀತಿದೆ," ಎಂದಳು. "ನಡುವೆ ಎಳೀತಿದೆ ಅಪ್ಪ."

ಅಪ್ಪ ಕ್ಯಾಮೆರಾ ಇಸಿದುಕೊಂಡು ತಮ್ಮ ಕಿವಿಗೆ ಹಿಡಿದರು. ಒತ್ತಿದರು. ಇನ್ನೊಂದು ಕಿವಿಗೆ ಹಿಡಿದು ಒತ್ತಿದರು. "ನನಗೆ ಕೇಳಿಸ್ತಿಲ್ಲ," ಎಂದರು. "ಮೊನ್ನೇನೂ ಸರಿಯಾಗಿ ಕೇಳಿಸಲಿಲ್ಲ. ಸರಿಯಿರುತ್ತೆ ಅಂತ ಮುಚ್ಚಿಬಿಟ್ಟೆ." ಅವರು ಕ್ಯಾಮೆರಾವನ್ನು ಬಟ್ಟೆಯಲ್ಲಿ ಇಟ್ಟು ಗಂಟು ಹಾಕತೊಡಗಿದರು. ಗಂಟು ಜಾರಿತು. ಅವಳು ಕೈ ಚಾಚಿದಾಗ ಬಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ರೈಲು ಇನ್ನೂ ಬಂದಿರಲ್ಲ. ಅವರ ಮಂಡಿಗೆ ಅವರು ಬೇಗ ನಡೆಯೋ ಹಾಗೂ ಇಲ್ಲ," ಎಂದು ಕೋಟು ಹಾಕಿಕೊಂಡರು. "ಇನ್ನೊಬ್ಬರಿಗೆ ಕೆಲಸ ಒಪ್ಪಿಸೋದಾದ್ರೆ ಅಂಗಡಿ ಯಜಮಾನ ತನ್ನ ಕೈಯಾರೆ ಒಪ್ಪಿಸಬೇಕು. ಸೊಪ್ಪಿನ ಅಡೀಲಿ ಇಟ್ಟಲ್ಲ." ಬಾಗಿಲಿನಲ್ಲಿ ನಿಂತು, "ಒಗುಚಿ ಬಂದ್ರೆ ನಿಜ ಹೇಳು," ಎಂದು ಹೊರಟುಹೋದರು.

ಒಗುಚಿ ಕತ್ತರಿಯ ಎಣ್ಣೆ ವಾಸನೆಯೊಂದಿಗೆ, ಕಿವಿ ಮುಚ್ಚುವ ಟೋಪಿಯಲ್ಲಿ ಬಂದರು. "ಹಂಸಗಳು ಇಳಿದಿವೆ, ನೋಡಿದ್ರಾ? ಕೊಡಿ ಕೊಡಿ. ಯಜಮಾನ್ರೆಲ್ಲಿ?"

"ನಿಮ್ಮ ಕ್ಯಾಮೆರಾನ ರಿಪೇರಿಗೆ ಕೊಡೋದಕ್ಕೆ ಹೋಗಿದಾರೆ."

"ಅವರು? ಯಾರಿಗೆ?" ಒಗುಚಿ ನಕ್ಕರು. ಅವಳ ಮುಖ ನೋಡಿ ನಗು ನಿಲ್ಲಿಸಿದರು.

ಅವಳು ಹೇಳಿದಳು. ಶಿಯೋಜಿರಿಯಲ್ಲಿ ಒಬ್ಬರಿದ್ದಾರೆ, ತುಂಬ ನಂಬಿಕೆಯವರು. ಎರಡು ವರ್ಷಗಳಿಂದ ಇಲ್ಲಿಯವನ್ನೆಲ್ಲ ನಾನು ಅವರಲ್ಲಿಗೆ ಒಯ್ಯುತ್ತಿದ್ದೆ. ಅಪ್ಪನಿಗೆ ಗೊತ್ತಿರಲಿಲ್ಲ. ಗಾಜಿನ ಮೇಲೆ ಕೈಯೂರಿ ನಿಂತು, ಒಂದರ ಹಿಂದೊಂದು ವಾಕ್ಯಗಳನ್ನು ಕೆಳಗಿಡುತ್ತಿದ್ದಂತೆ ಅವಳಿಗೆ ಹಗುರವಾಗಲಿಲ್ಲ. ಒಗುಚಿ ಟೋಪಿ ತೆಗೆದು ಹಿಡಿದುಕೊಂಡರು. ಅವರು ಕೋಪಿಸಿಕೊಳ್ಳುವ ಮನುಷ್ಯರಲ್ಲ, ಯೋಚಿಸುತ್ತಿದ್ದರು.

"ಅಂದ್ರೆ ಈ ವಸಂತದಲ್ಲಿ ಮಾಡಿದ್ದು," ಎಂದರು. "ಹೊಸದರಲ್ಲೂ ಹೀಗೆ ಓಡಿರಲಿಲ್ಲ ಅಂದ್ನಲ್ಲ, ಅದು ಯಜಮಾನ್ರ ಕೈದಾ, ಆ ಶಿಯೋಜಿರಿಯವರದ್ದಾ?"

ಚಿಗುಸಾ ಗಾಜಿನ ಮೇಲಿನ ಕೈಗಳನ್ನು ಎತ್ತಿಕೊಂಡಳು.

"ಹೋಗಲಿ ಬಿಡಿ. ಯಜಮಾನ್ರು ಬರ್ತಾರಲ್ಲ, ಅವರನ್ನೇ ಕೇಳ್ತೀನಿ," ಎಂದು ಒಗುಚಿ ಸ್ಟೋವಿನ ಪಕ್ಕ ಅಪ್ಪನ ಕುರ್ಚಿಯ ಎದುರಿಗೆ ಕೂತರು.

"ಅವರನ್ನ ಕೇಳಬೇಡಿ," ಎಂದಳು ಅವಳು. "ದಯವಿಟ್ಟು ಅವರನ್ನ ಕೇಳಬೇಡಿ. ನನ್ನನ್ನ ಕೇಳಿ."

ಒಗುಚಿ ಕತ್ತೆತ್ತಿ ಅದನ್ನೇ ಮತ್ತೊಮ್ಮೆ ಕೇಳಿದರು. "ಗೊತ್ತಿಲ್ಲ," ಎಂದಳು ಅವಳು. "ನಾನು ಆಗ ಕಿವಿಗಿಟ್ಟು ಕೇಳಲೇ ಇಲ್ಲ."